ಅರೆತಲೆನೋವು: ತಿಂಗಳಿಗೆ ಎಷ್ಟು ದಿನ ಮಾತ್ರೆ ನುಂಗುತ್ತೀರಿ, ಲೆಕ್ಕ ಉಂಟಾ?

ಅಜೆಕಾರು: ನಮ್ಮ ಪೇಟೆಯ ಅಂಗಡಿಯವರನ್ನು ಲೆಕ್ಕದಲ್ಲಿ ಸೋಲಿಸುವುದು ಕಷ್ಟ. ಯಾರ ಮನೆಗೆ ಎಷ್ಟು ಕೆಜಿ ಕುಚ್ಚಲಕ್ಕಿ ಕಡ ಹೋಗಿದೆ, ಯಾರು ಅಡಿಕೆ ಮಾರಿದ ಮೇಲೆ ಕೊಡ್ತೇನೆ ಅಂದಿದ್ದಾರೆ, ಎಲ್ಲ ಬಾಯಿಪಾಠ. ಅದೇ ಅಂಗಡಿಯವರ ಹತ್ತಿರ "ಕಳೆದ ತಿಂಗಳು ಎಷ್ಟು ದಿನ ತಲೆನೋವಿನ ಮಾತ್ರೆ ನುಂಗಿದ್ರಿ?" ಅಂತ ಕೇಳಿ ನೋಡಿ. "ಹೀಗೆ, ಬಂದಾಗ ಒಂದೊಂದು" ಎನ್ನುವುದು ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ.

ನನ್ನದೂ ಅದೇ ಉತ್ತರ ಆಗಿತ್ತು. ಅಂಗಡಿಯ ಗಲ್ಲಾದಲ್ಲಿ ಒಂದು ಸ್ಟ್ರಿಪ್, ಸ್ಕೂಟರ್ ಡಿಕ್ಕಿಯಲ್ಲಿ ಒಂದು, ಮನೆಯಲ್ಲಿ ಟಿವಿ ಮೇಲೆ ಇನ್ನೊಂದು. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಗೊಮ್ಮೆ ನರರೋಗ ತಜ್ಞರೊಬ್ಬರು, ಮುಂದಿನ ಸಲ ಬರುವಾಗ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡೇ ಬನ್ನಿ ಎಂದು ಕಳುಹಿಸಿದರು. ಹಾಕಿ ನೋಡಿದರೆ ಒಂದು ತಿಂಗಳಲ್ಲಿ 19 ದಿನ ಮಾತ್ರೆ! ಕ್ಯಾಲೆಂಡರ್ ನೋಡಿದ ಡಾಕ್ಟರು ಹೇಳಿದ್ದು ಇಷ್ಟೆ: "ನಿಮಗೆ ಈಗ ಎರಡು ತಲೆನೋವು ಉಂಟು. ಒಂದು ಮೊದಲಿಂದ ಇದ್ದದ್ದು, ಇನ್ನೊಂದು ಮಾತ್ರೆಯಿಂದ ಬಂದದ್ದು."

ಈ ಎರಡನೆಯದರ ವಿಷಯ ನಮ್ಮ ಕಡೆ ಬಹಳ ಮಂದಿಗೆ ಗೊತ್ತಿಲ್ಲ. ಅದಕ್ಕೇ ಈ ಬರಹ.

ಮೈಗ್ರೇನ್ ಅಂದರೆ ಎಂತದು

ತುಳುವಿನಲ್ಲಿ ತರೆಬೇನೆ ಅಂದರೆ ಎಲ್ಲ ತಲೆನೋವೂ ಬಂತು. ಕನ್ನಡದಲ್ಲಿ ಅರೆತಲೆನೋವು ಎಂಬ ಬೇರೆ ಹೆಸರಿದೆ, ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಅರ್ಧಾವಭೇದಕ ಎಂದಿದೆ. ಆದರೆ ಅರ್ಧ ತಲೆಯೇ ನೋಯಬೇಕೆಂದಿಲ್ಲ, ಎರಡೂ ಕಡೆ ನೋಯುವವರು ಬೇಕಾದಷ್ಟು ಇದ್ದಾರೆ. ವೈದ್ಯರು ಗುರುತಿಸುವುದು ಬೇರೆ ಲಕ್ಷಣಗಳಿಂದ. ನೋವು ಟಪ್ ಟಪ್ ಎಂದು ನಾಡಿ ಬಡಿದ ಹಾಗೆ ಇರುತ್ತದೆ. ಮೆಟ್ಟಿಲು ಹತ್ತಿದರೆ, ಬಗ್ಗಿದರೆ ಜಾಸ್ತಿ ಆಗುತ್ತದೆ. ವಾಕರಿಕೆ ಅಥವಾ ವಾಂತಿ. ಬೆಳಕು ಬೇಡ, ಶಬ್ದ ಬೇಡ, ಕತ್ತಲ ಕೋಣೆ ಸಾಕು ಎನಿಸುತ್ತದೆ. ಮದ್ದು ಕೊಡದಿದ್ದರೆ 4 ಗಂಟೆಯಿಂದ 72 ಗಂಟೆವರೆಗೂ ಎಳೆಯುತ್ತದೆ. ಕೆಲವರಿಗೆ ನೋವು ಶುರುವಾಗುವ ಮುಂಚೆ ಕಣ್ಣೆದುರು ಅಂಕುಡೊಂಕು ಮಿಂಚಿನ ಗೆರೆ, ಕಪ್ಪು ಕಲೆ ಬಂದು ಒಂದು ಗಂಟೆಯೊಳಗೆ ಹೋಗುತ್ತದೆ. ಅದಕ್ಕೆ ಔರಾ ಎನ್ನುತ್ತಾರೆ.

ಇದು ರಕ್ತನಾಳ ಉಬ್ಬುವ ಕಾಯಿಲೆ ಎಂದು ಹಿಂದೆ ಹೇಳುತ್ತಿದ್ದರು. ಈಗ ತಿಳಿದಿರುವುದು, ಇದು ಮೆದುಳಿನದ್ದೇ ಒಂದು ಸ್ವಭಾವ ಎಂದು. ಸಾಮಾನ್ಯವಾಗಿ ವಂಶದಲ್ಲಿ ಬರುತ್ತದೆ. ಇಂಥ ಮೆದುಳಿಗೆ ಬದಲಾವಣೆ ಆಗಿಬರುವುದಿಲ್ಲ: ನಿದ್ದೆ ಕಡಿಮೆ ಆದರೂ ಕಷ್ಟ, ಜಾಸ್ತಿ ಆದರೂ ಕಷ್ಟ. ಮುಖ ಮತ್ತು ತಲೆಯ ಸಂವೇದನೆ ಹೊತ್ತೊಯ್ಯುವ ಟ್ರೈಜೆಮಿನಲ್ ನರ ಕೆರಳಿದಾಗ ಸಿಜಿಆರ್‌ಪಿ ಎಂಬ ರಾಸಾಯನಿಕ ಬಿಡುಗಡೆಯಾಗಿ ನೋವು ಹೊತ್ತಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿದರೆ ಏನೂ ಕಾಣುವುದಿಲ್ಲ. ಮನೆಯವರು "ರಿಪೋರ್ಟ್ ನಾರ್ಮಲ್, ಇವಳದ್ದು ಬರೀ ನಾಟಕ" ಎನ್ನುವುದು ಇಲ್ಲಿಂದಲೇ. ನಾರ್ಮಲ್ ಬಂತು ಎಂದರೆ ಗಡ್ಡೆ ಇಲ್ಲ ಎಂದಷ್ಟೇ ಅರ್ಥ, ನೋವಿಲ್ಲ ಎಂದಲ್ಲ.

ಎಷ್ಟು ಮಂದಿಗೆ ಉಂಟು? ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಮಂದಿಯನ್ನು ಮಾತಾಡಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವರ್ಷವೊಂದರಲ್ಲಿ ನೂರರಲ್ಲಿ ಸುಮಾರು 25 ಮಂದಿಗೆ ಮೈಗ್ರೇನ್. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವು ಇರುವವರು ನೂರರಲ್ಲಿ 3 ಮಂದಿ. ಹೆಂಗಸರಿಗೆ ಹೆಚ್ಚು. ತಲೆನೋವು ಪೇಟೆಯ ಟೆನ್ಶನ್‌ನವರಿಗೆ ಎಂದು ನಾವು ತಿಳಿದದ್ದು, ಆದರೆ ಹಳ್ಳಿಯಲ್ಲೇ ಜಾಸ್ತಿ ಕಂಡಿತು. ನಮ್ಮ ಊರಿನ ಲೆಕ್ಕ ಯಾರೂ ತೆಗೆದಿಲ್ಲ. ಆದರೆ ಸಾವಿರ ವಯಸ್ಕರಿರುವ ಊರಿನಲ್ಲಿ ಮೂವತ್ತು ಮಂದಿ ತಿಂಗಳ ಅರ್ಧ ದಿನ ತಲೆ ಹಿಡಿದುಕೊಂಡೇ ಕೆಲಸ ಮಾಡುತ್ತಾರೆ ಎಂದು ಯೋಚಿಸಿ ನೋಡಿ.

ಪಿತ್ತ, ಗ್ಯಾಸ್, ಸೈನಸ್

ಮೈಗ್ರೇನ್‌ಗೆ ನಮ್ಮಲ್ಲಿ ಇರುವಷ್ಟು ಸುಳ್ಳು ಹೆಸರು ಬೇರೆ ಕಾಯಿಲೆಗೆ ಇರಲಿಕ್ಕಿಲ್ಲ. ವಾಂತಿ ಆದರೆ ಪಿತ್ತ ಕೆದರಿದ್ದು. ಹೊಟ್ಟೆ ಉಬ್ಬಿದರೆ ಗ್ಯಾಸ್ ತಲೆಗೆ ಏರಿದ್ದು. ಮದುವೆ ಮನೆಗೆ ಹೋಗಿ ಬಂದ ಮೇಲೆ ಬಂದರೆ ದೃಷ್ಟಿ ತಾಗಿದ್ದು. ಹಣೆ, ಕಣ್ಣಿನ ಬುಡ ನೋಯುತ್ತದೆ, ಮೂಗು ಸ್ವಲ್ಪ ಸೋರುತ್ತದೆ ಎಂದರೆ ಸೈನಸ್. ನನಗೆ ಸೈನಸ್ ಎಂದು ನಾಲ್ಕು ವರ್ಷ ಆಂಟಿಬಯೋಟಿಕ್ ಮತ್ತು ಹಬೆ ಆಗಿದೆ. ಯಾವ ಕ್ಲಿನಿಕ್ ಎಂದು ಬರೆಯುವುದು ಬೇಡ, ಎಲ್ಲ ಕಡೆ ಇರುವ ಕತೆಯೇ.

ಅಮೆರಿಕದಲ್ಲಿ ತಮ್ಮದು ಸೈನಸ್ ತಲೆನೋವು ಎಂದು ನಂಬಿದ್ದ, ಅಥವಾ ವೈದ್ಯರು ಹಾಗೆಂದು ಹೇಳಿದ್ದ 2,991 ಮಂದಿಯನ್ನು ಸರಿಯಾಗಿ ವಿಚಾರಿಸಿದಾಗ 88 ಶೇಕಡಾ ಮಂದಿಯ ನೋವು ಮೈಗ್ರೇನ್ ಲಕ್ಷಣದ್ದೇ ಆಗಿತ್ತು ಎಂದು 2004ರಲ್ಲಿ ಪ್ರಕಟವಾಯಿತು. ಮೈಗ್ರೇನ್ ಬಂದಾಗ ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು ಉಂಟು, ಅದೇ ನರದ ಕೆಲಸ. ನಿಜವಾದ ಸೈನಸ್ ಸೋಂಕಿಗೆ ಜ್ವರ, ಹಳದಿ ಹಸಿರು ಸಿಂಬಳ ಜೊತೆಗಿರುತ್ತದೆ. ವರ್ಷಕ್ಕೆ ಇಪ್ಪತ್ತು ಸಲ ಬರುವುದು, ಒಂದು ದಿನದಲ್ಲಿ ತಾನಾಗಿ ಹೋಗುವುದು, ಅದೆಲ್ಲ ಸೈನಸ್ ಅಲ್ಲ ಮಾರಾಯ್ರೆ.

ಮಾತ್ರೆಯೇ ನೋವು ತರುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಮೈಗ್ರೇನ್ ಇರುವವರು ನೋವಿನ ಮಾತ್ರೆಯನ್ನು ಪದೇ ಪದೇ ತೆಗೆದುಕೊಂಡರೆ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮಾತ್ರೆಯ ಪರಿಣಾಮ ಇಳಿದ ಕೂಡಲೇ ನೋವು ಮತ್ತೆ ಎದ್ದು ನಿಲ್ಲುತ್ತದೆ, ಮತ್ತೊಂದು ಮಾತ್ರೆ ಬೇಕಾಗುತ್ತದೆ. ತಿಂಗಳಿಗೆ ಎರಡು ಸಲ ಬರುತ್ತಿದ್ದ ನೋವು ವಾರಕ್ಕೆ ಎರಡಾಗಿ, ಆಮೇಲೆ ಬೆಳಿಗ್ಗೆ ಏಳುವಾಗಲೇ ಮಂದ ನೋವು ಇರುವ ಸ್ಥಿತಿ ಬರುತ್ತದೆ.

ಇದಕ್ಕೆ ಒಂದು ಗಡಿ ಹಾಕಿದ್ದಾರೆ, ನೆನಪಿಟ್ಟುಕೊಳ್ಳುವಂಥದ್ದು. ಬರೀ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮಾತ್ರೆಯಾದರೆ ತಿಂಗಳಿಗೆ 15 ದಿನ. ಕೆಫೀನ್ ಮತ್ತು ಎರಡು ಮೂರು ಔಷಧ ಸೇರಿಸಿದ ಮಾತ್ರೆ, ಎರ್ಗೊಟಮೈನ್ ಇರುವ ಮಾತ್ರೆ, ಟ್ರಿಪ್ಟಾನ್ ಗುಂಪಿನ ಮಾತ್ರೆಯಾದರೆ 10 ದಿನ. ಇಷ್ಟು ದಿನ ಅಥವಾ ಹೆಚ್ಚು, ಮೂರು ತಿಂಗಳಿಗಿಂತ ಹೆಚ್ಚು ಕಾಲ ನಡೆದರೆ ಮಾತ್ರೆಯೇ ರೋಗದ ಭಾಗವಾಗಿರುವ ಸಾಧ್ಯತೆ ದೊಡ್ಡದು. ಲೆಕ್ಕ ಮಾಡಬೇಕಾದ್ದು ಮಾತ್ರೆಯ ಸಂಖ್ಯೆಯನ್ನಲ್ಲ, ಮಾತ್ರೆ ತೆಗೆದುಕೊಂಡ ದಿನಗಳನ್ನು. ನಮ್ಮಲ್ಲಿ ಚೀಟಿ ಇಲ್ಲದೆ ಕೇಳಿ ತರುವ "ತಲೆನೋವಿನ ಸ್ಟ್ರಾಂಗ್ ಮಾತ್ರೆ"ಗಳಲ್ಲಿ ಹೆಚ್ಚಿನವು ಈ ಹತ್ತು ದಿನದ ಗುಂಪಿನವೇ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿ ಓದಬೇಕು.

ಬಿಡುವುದು ಸುಲಭ ಅಲ್ಲ, ಅದನ್ನು ಮುಚ್ಚಿಡುವುದಿಲ್ಲ. ಬಿಟ್ಟ ಮೊದಲ ಎರಡರಿಂದ ಹತ್ತು ದಿನ ನೋವು ಜಾಸ್ತಿಯೇ ಆಗುತ್ತದೆ, ವಾಂತಿ, ನಿದ್ದೆ ಇಲ್ಲ, ಸಿಟ್ಟು. ನಾನು ಐದನೇ ದಿನ ಸೋತು ಮೆಡಿಕಲ್ ಬಾಗಿಲವರೆಗೆ ಹೋಗಿ ವಾಪಸ್ ಬಂದವನು. ಹಾಗಾಗಿ ಸ್ವಂತ ಧೈರ್ಯದಲ್ಲಿ ಮಾಡುವ ಕೆಲಸ ಇದಲ್ಲ, ಡಾಕ್ಟರು ಆ ದಿನಗಳಿಗೆ ಬೇರೆ ಔಷಧ ಕೊಡುತ್ತಾರೆ, ಜೊತೆಗೇ ತಡೆಯುವ ಮಾತ್ರೆ ಶುರುಮಾಡುತ್ತಾರೆ. ನಿದ್ದೆ ಮಾತ್ರೆ, ಅಮಲಿನ ಅಂಶ ಇರುವ ನೋವಿನ ಔಷಧ ತೆಗೆದುಕೊಳ್ಳುತ್ತಿದ್ದವರಂತೂ ಒಮ್ಮೆಲೇ ನಿಲ್ಲಿಸಲೇಬಾರದು. ಅಂಗಡಿಯಲ್ಲಿ ವ್ಯಾಪಾರ ಕಡಿಮೆ ಇರುವ ವಾರ ನೋಡಿ ಶುರುಮಾಡಿದರೆ ಒಳ್ಳೆಯದು. ಚೌತಿ, ದೀಪಾವಳಿ ಎದುರು ಬೇಡ.

ಮೆಡಿಕಲ್ ಅಂಗಡಿಯವರಲ್ಲಿ ಒಂದು ವಿನಂತಿ. ಒಂದೇ ಮುಖ ತಿಂಗಳಿಗೆ ಮೂರನೇ ಸಲ ತಲೆನೋವಿನ ಸ್ಟ್ರಿಪ್ ಕೇಳಿದರೆ ಒಂದು ಮಾತು ಹೇಳಿ. ಗಿರಾಕಿ ಹೋಗುವುದಿಲ್ಲ, ಅವರಿಗೆ ಬೇರೆ ಮಾತ್ರೆ ಬೇಕಾಗುತ್ತದೆ ಅಷ್ಟೆ.

ಬಂದಾಗ ಒಂದು ಮದ್ದು, ಬರದ ಹಾಗೆ ಇನ್ನೊಂದು

ನೋವು ಬಂದಾಗಿನ ಮದ್ದಿನಲ್ಲಿ ನಾವು ಮಾಡುವ ದೊಡ್ಡ ತಪ್ಪು ತಡಮಾಡುವುದು. "ನೋಡೋಣ, ಕಡಿಮೆ ಆದೀತು" ಎಂದು ಮಧ್ಯಾಹ್ನದವರೆಗೆ ಕಾದು, ವಾಂತಿ ಶುರುವಾದ ಮೇಲೆ ಅರ್ಧ ಮಾತ್ರೆ. ಮೈಗ್ರೇನ್ ಏರಿದಾಗ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ನುಂಗಿದ ಮಾತ್ರೆ ಅಲ್ಲೇ ಕೂತಿರುತ್ತದೆ. ಡಾಕ್ಟರು ಹೇಳಿದ ಪೂರ್ತಿ ಪ್ರಮಾಣವನ್ನು ಶುರುವಿನಲ್ಲೇ ತೆಗೆದುಕೊಳ್ಳಬೇಕು, ವಾಕರಿಕೆ ಇದ್ದರೆ ಅದರ ಮಾತ್ರೆಯೂ ಜೊತೆಗೆ. ಸಾದಾ ಮಾತ್ರೆ ಸಾಕಾಗದವರಿಗೆ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಎಂಬ ಮೈಗ್ರೇನ್‌ಗೆಂದೇ ಮಾಡಿದ ಮಾತ್ರೆಗಳಿವೆ. ಹೃದಯದ ಕಾಯಿಲೆ, ಹತೋಟಿ ಇಲ್ಲದ ಬಿಪಿ ಇದ್ದವರಿಗೆ ಅವು ಆಗುವುದಿಲ್ಲ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಐಬುಪ್ರೊಫೆನ್ ಜಾತಿಯದ್ದು ಆಗುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ಮಾತ್ರೆ ತರಬಾರದು.

ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ನೋವು ಇದ್ದರೆ, ಅಥವಾ ಕಡಿಮೆ ದಿನವಾದರೂ ಏಳಲಾಗದಷ್ಟು ಇದ್ದರೆ, ತಡೆಯುವ ಮದ್ದಿನ ಬಗ್ಗೆ ಕೇಳಬೇಕು. ಇದು ನೋವು ಇರಲಿ ಇಲ್ಲದಿರಲಿ ದಿನಾ ತೆಗೆದುಕೊಳ್ಳುವ ಮಾತ್ರೆ. ಇಲ್ಲೊಂದು ತಮಾಷೆ ಉಂಟು. ಇದರಲ್ಲಿ ಹೆಚ್ಚಿನವು ಬೇರೆ ಕಾಯಿಲೆಗೆ ಬಂದ ಮದ್ದುಗಳು. ಪ್ರೊಪ್ರನೊಲಾಲ್ ಹೃದಯದ್ದು. 1960ರ ದಶಕದಲ್ಲಿ ಎದೆನೋವಿಗೆ ಇದನ್ನು ತೆಗೆದುಕೊಳ್ಳುತ್ತಿದ್ದ ರೋಗಿಯ ಮೈಗ್ರೇನೂ ಕಡಿಮೆ ಆದದ್ದನ್ನು ವೈದ್ಯರು ಗಮನಿಸಿದರು, ಹಾಗೆ ಇದು ತಲೆನೋವಿಗೆ ಬಂತು. ಅಮಿಟ್ರಿಪ್ಟಿಲಿನ್ ಖಿನ್ನತೆಯದ್ದು, ಟೊಪಿರಮೇಟ್ ಅಪಸ್ಮಾರದ್ದು. ರೋಗಿ ಮಾತ್ರೆ ತರಲು ಹೋದಾಗ "ಇದು ಫಿಟ್ಸ್‌ನ ಮಾತ್ರೆ ಅಲ್ವಾ, ನಿಮಗೆ ಎಂತಕ್ಕೆ?" ಎಂಬ ಒಂದು ಪ್ರಶ್ನೆ ಬಂದರೆ ಸಾಕು, ಮನೆಗೆ ಬಂದು ಮಾತ್ರೆ ಕಸದ ಬುಟ್ಟಿಗೆ. ಹೀಗೆ ಬಿಟ್ಟವರನ್ನು ನಾನು ನೋಡಿದ್ದೇನೆ. ತಲೆನೋವಿಗೆ ಕೊಡುವ ಪ್ರಮಾಣ ಸಾಮಾನ್ಯವಾಗಿ ಸಣ್ಣದು, ನಿಮಗೆ ಫಿಟ್ಸ್ ಉಂಟು ಎಂದೋ ಮಂಡೆ ಸಮ ಇಲ್ಲ ಎಂದೋ ಅದರ ಅರ್ಥ ಅಲ್ಲ.

ಅಡ್ಡ ಪರಿಣಾಮ ಇಲ್ಲ ಎಂದೂ ಅಲ್ಲ. ಪ್ರೊಪ್ರನೊಲಾಲ್ ದಮ್ಮು ಇದ್ದವರಿಗೆ ಬೇಡ. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುತ್ತದೆ, ನಿದ್ದೆ ಎಳೆಯುತ್ತದೆ, ಅದಕ್ಕೆ ರಾತ್ರಿ ಕೊಡುತ್ತಾರೆ. ಫ್ಲುನಾರಿಜಿನ್ ತೆಗೆದುಕೊಂಡರೆ ಕೆಲವರಿಗೆ ತೂಕ ಏರುತ್ತದೆ, ಮನಸ್ಸು ಕುಗ್ಗುತ್ತದೆ. ಟೊಪಿರಮೇಟ್‌ನಿಂದ ಕೈಬೆರಳು ಜುಮ್ಮೆನ್ನುತ್ತದೆ. ಇದು ಮತ್ತು ವಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ, ಆದ್ದರಿಂದ ಮಕ್ಕಳಾಗುವ ವಯಸ್ಸಿನ ಹೆಂಗಸರು ಡಾಕ್ಟರ ಹತ್ತಿರ ಮೊದಲೇ ಮಾತಾಡಬೇಕು. ಔರಾ ಇರುವ ಹೆಂಗಸರು ಗರ್ಭನಿರೋಧಕ ಮಾತ್ರೆ ಶುರುಮಾಡುವ ಮುಂಚೆಯೂ ಹೇಳಬೇಕು, ಈಸ್ಟ್ರೊಜನ್ ಇರುವ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಏರುತ್ತದೆ.

ತಡೆಯುವ ಮಾತ್ರೆ ವಾರದಲ್ಲಿ ಕೆಲಸ ತೋರಿಸುವುದಿಲ್ಲ. ಎರಡು ಮೂರು ತಿಂಗಳು ಕೊಡಬೇಕು. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ವೈದ್ಯರ ಲೆಕ್ಕದಲ್ಲಿ ಅದು ಗೆಲುವು. ಪೂರ್ತಿ ಹೋಗಬೇಕು ಎಂದು ಕೂತರೆ ಒಳ್ಳೆಯ ಮದ್ದನ್ನೂ ಬಿಟ್ಟುಬಿಡುತ್ತೇವೆ. ನನಗೆ ಮೊದಲನೆಯದು ಆಗಿಬರಲಿಲ್ಲ, ಎರಡನೆಯದು ಆಯಿತು. ಹಳೆಯ ಮಾತ್ರೆಗಳು ದುಬಾರಿಯೂ ಅಲ್ಲ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಇನ್ನೂ ಕಡಿಮೆಗೆ ಸಿಗಬಹುದು. ಇವು ಯಾವುದಕ್ಕೂ ಬಗ್ಗದವರಿಗೆ ತಲೆ, ಕುತ್ತಿಗೆಗೆ ಮೂರು ತಿಂಗಳಿಗೊಮ್ಮೆ ಬೊಟಾಕ್ಸ್ ಚುಚ್ಚುಮದ್ದು ಇದೆ, ಸಿಜಿಆರ್‌ಪಿಯನ್ನೇ ತಡೆಯುವ ಹೊಸ ಮದ್ದುಗಳೂ ಬಂದಿವೆ. ಬೆಲೆ ಮಾತ್ರ ನಮ್ಮಂಥವರಿಗೆ ಬೇರೆಯೇ ತಲೆನೋವು.

ಯೋಗ ಮಾಡಿದರೆ ಆದೀತಾ ಎಂದು ಕೇಳುವವರಿಗೆ: ದಿಲ್ಲಿಯ ಏಮ್ಸ್‌ನಲ್ಲಿ ನೂರಕ್ಕಿಂತ ಹೆಚ್ಚು ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಮದ್ದು ತೆಗೆದುಕೊಂಡವರಿಗಿಂತ ಮದ್ದಿನ ಜೊತೆ ಮೂರು ತಿಂಗಳು ಯೋಗ ಮಾಡಿದವರಿಗೆ ಹೆಚ್ಚು ಗುಣ ಕಂಡಿತು. ಮದ್ದಿನ ಜೊತೆ, ಬದಲಿಗೆ ಅಲ್ಲ. ಆಯುರ್ವೇದ, ಹೋಮಿಯೋಪತಿ ಮಾಡುವವರು ಇಬ್ಬರು ಡಾಕ್ಟರಿಗೂ ಎರಡೂ ಮದ್ದಿನ ವಿಷಯ ಹೇಳಿ. ಲೇಬಲ್ ಇಲ್ಲದ ಪೊಟ್ಟಣದ ಪುಡಿ ಮಾತ್ರ ಬೇಡವೇ ಬೇಡ, ಅದರೊಳಗೆ ನೋವಿನ ಮಾತ್ರೆ ಅರೆದು ಹಾಕಿದ್ದರೆ ನಿಮ್ಮ ಹತ್ತು ದಿನದ ಲೆಕ್ಕ ಅಲ್ಲೇ ತಪ್ಪಿತು.

ನಮ್ಮೂರಿನ ಕಾರಣಗಳು

ಇಂಟರ್ನೆಟ್‌ನಲ್ಲಿ ಹುಡುಕಿದರೆ ಚೀಸ್, ರೆಡ್ ವೈನ್ ಬಿಡಿ ಎಂದು ಬರುತ್ತದೆ. ಅಜೆಕಾರಿನಲ್ಲಿ ಅದನ್ನು ಬಿಡಲಿಕ್ಕೆ ಯಾರು ಹಿಡಿದಿದ್ದಾರೆ? ನಮ್ಮ ಪಟ್ಟಿ ಬೇರೆ. ಮಾರ್ಚ್ ಏಪ್ರಿಲ್‌ನ ಬಿಸಿಲಲ್ಲಿ ಹೆಲ್ಮೆಟ್ ಹಾಕಿ ಕಾರ್ಕಳಕ್ಕೆ ಹೋಗಿ ಬರುವುದು. ಏಕಾದಶಿ ಉಪವಾಸ, ಅಷ್ಟಮಿಗೆ ಮಧ್ಯರಾತ್ರಿ ಅರ್ಘ್ಯ ಕೊಡುವವರೆಗೆ ಹಸಿದ ಹೊಟ್ಟೆ. ಗಿರಾಕಿ ಬಿಡದೆ ಮೂರು ಗಂಟೆಗೆ ಊಟ. ರಾತ್ರಿಯಿಡೀ ಆಟ, ನೇಮ, ಕೋಲದ ನಿದ್ದೆಗೇಡು, ಜೊತೆಗೆ ಲೈಟು ಮತ್ತು ಸ್ಪೀಕರ್. ಕಾಲಮಿತಿ ಆಟಗಳು ಬಂದದ್ದು ಕೆಲವರಿಗೆ ಬೇಸರ, ನನ್ನಂಥವರಿಗೆ ಉಪಕಾರ. ಮುಚ್ಚಿದ ಕಾರಿನಲ್ಲಿ ಒಂದು ಚೆಂಡು ಮಲ್ಲಿಗೆ ಇದ್ದರೆ ಸಾಕು, ಕೆಲವರಿಗೆ ತಲೆ ಎದ್ದಿತು. ಸಂಜೆ ದೀಪ ಇಡುವಾಗ ಅಂಗಡಿಯಲ್ಲಿ ಹಚ್ಚುವ ಅಗರಬತ್ತಿ, ಬೀಡಿ ಕಟ್ಟುವವರಿಗೆ ಹೊಗೆಸೊಪ್ಪಿನ ಘಾಟು. ದಿನಕ್ಕೆ ಏಳೆಂಟು ಚಾ ಕುಡಿಯುವವರು ಭಾನುವಾರ ಎರಡೇ ಕುಡಿದರೆ ಅದಕ್ಕೂ ನೋವು ಬರುತ್ತದೆ.

ಇನ್ನೊಂದು, ಹೆಂಗಸರು ಹೇಳಿದರೆ ಯಾರೂ ನಂಬದ ಕಾರಣ: ತಲೆಗೆ ಮೀಯುವುದು. ಮುಂಬೈಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಸ್ನಾನ ಮಾಡಿದರೆ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಹೊರದೇಶದ ಪುಸ್ತಕಗಳಲ್ಲಿ ಇಲ್ಲದ, ನಮ್ಮ ಉದ್ದ ಕೂದಲಿನ ಊರಿನ ಕಾರಣ ಅದು. ಬಿಡಬೇಕೆಂದಿಲ್ಲ, ಬೆಳಿಗ್ಗೆ ಮಿಂದು ಕೂದಲು ಬೇಗ ಒಣಗಿಸಿ, ಒದ್ದೆ ಜಡೆ ಕಟ್ಟಬೇಡಿ.

ಆದರೆ ಕಾರಣ ಹುಡುಕುವುದನ್ನೇ ಉದ್ಯೋಗ ಮಾಡಿಕೊಳ್ಳಬಾರದು. ನಾವು ಕಾರಣ ಎಂದು ತಿಳಿದದ್ದು ಎಷ್ಟೋ ಸಲ ನೋವಿನ ಮೊದಲ ಲಕ್ಷಣ ಆಗಿರುತ್ತದೆ. ನೋವಿನ ಹಿಂದಿನ ದಿನ ಆಕಳಿಕೆ, ಸಿಹಿ ತಿನ್ನುವ ಆಸೆ, ಕುತ್ತಿಗೆ ಬಿಗಿತ, ಬೆಳಕು ಕುಕ್ಕುವುದು, ಇವೆಲ್ಲ ಒಳಗೆ ಶುರುವಾದದ್ದರ ಸೂಚನೆ. ಚಾಕೊಲೇಟ್ ತಿಂದದ್ದಕ್ಕೆ ನೋವು ಬಂದದ್ದೋ, ನೋವು ಬರಲಿಕ್ಕಿದ್ದ ಕಾರಣ ಚಾಕೊಲೇಟ್ ಬೇಕೆನಿಸಿದ್ದೋ? ಊಟ, ನಿದ್ದೆ, ನೀರು ಹೊತ್ತಿಗೆ ಸರಿ ಮಾಡಿಕೊಂಡು, ಉಳಿದದ್ದರ ಬಗ್ಗೆ ಜಾಸ್ತಿ ಮಂಡೆಬಿಸಿ ಮಾಡದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಎಲ್ಲಿಗೆ ಹೋಗುವುದು

ಮೊದಲಿಗೇ ಮಣಿಪಾಲಕ್ಕೆ ಓಡಬೇಕಾಗಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ಕಾರ್ಕಳ ತಾಲೂಕು ಆಸ್ಪತ್ರೆಯ ವೈದ್ಯರೇ ಮೈಗ್ರೇನ್ ಗುರುತಿಸಿ ಮದ್ದು ಶುರುಮಾಡಬಲ್ಲರು. ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆಯ ಜೊತೆ ತಲೆನೋವೂ ಸೇರಿದೆ. ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋದಾಗ ಅದರ ಬಗ್ಗೆ ವಿಚಾರಿಸಿ. ಎರಡು ಮದ್ದು ಸರಿಯಾದ ಪ್ರಮಾಣದಲ್ಲಿ, ಸರಿಯಾದ ಅವಧಿ ತೆಗೆದುಕೊಂಡೂ ಆಗದಿದ್ದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ ಕಡೆ ನರರೋಗ ತಜ್ಞರನ್ನು ಕಾಣುವುದು.

ನೋವಿಲ್ಲದ ದಿನ ಹೋಗಿ. ನೋವಿನ ದಿನ ಕಿಟಕಿ ಬಿಸಿಲು, ಡೀಸೆಲ್ ವಾಸನೆ ತಿಂದುಕೊಂಡು ಬಸ್ಸಲ್ಲಿ ಹೋದರೆ ಡಾಕ್ಟರ ಎದುರು ಬಾಯಿ ಬರುವುದಿಲ್ಲ. ಹೊರರೋಗಿ ವಿಭಾಗದಲ್ಲಿ ಸಿಗುವುದು ಕೆಲವು ನಿಮಿಷ. ತಿಂಗಳಿಗೆ ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ, ಯಾವ ಮಾತ್ರೆ, ನೋವಿನಿಂದ ಎಷ್ಟು ದಿನ ಕೆಲಸ ಬಿಟ್ಟಿರಿ, ಬೇರೆ ಯಾವ ಕಾಯಿಲೆ ಉಂಟು, ಇಷ್ಟು ಹೇಳಿದರೆ ಸಾಕು. ಖಾಲಿ ಸ್ಟ್ರಿಪ್‌ಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಒಯ್ಯಿರಿ, ಹೆಸರು ನೆನಪಿಡುವ ಕಷ್ಟ ಇಲ್ಲ.

ಕಾಯಲೇಬಾರದ ತಲೆನೋವೂ ಇದೆ. ಸಿಡಿಲು ಬಡಿದ ಹಾಗೆ ಒಂದೇ ನಿಮಿಷದಲ್ಲಿ ಹಿಂದೆಂದೂ ಇಲ್ಲದಷ್ಟು ಜೋರಾಗಿ ಬಂದದ್ದು, ಜ್ವರದ ಜೊತೆ ಕುತ್ತಿಗೆ ಬಗ್ಗಿಸಲಾಗದ್ದು, ಕೈಕಾಲು ಸೋತು ಮಾತು ತೊದಲಿದ್ದು, ಫಿಟ್ಸ್ ಅಥವಾ ಎಚ್ಚರ ತಪ್ಪಿದ್ದು, ಅಪಘಾತದಲ್ಲಿ ತಲೆಗೆ ಏಟು ಬಿದ್ದ ಮೇಲಿನದ್ದು. ಇವಕ್ಕೆ 108ಕ್ಕೆ ಕರೆ ಮಾಡಿ, ಮಾತ್ರೆ ಹುಡುಕುತ್ತ ಕೂರಬೇಡಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ, ಗರ್ಭಿಣಿಗೆ ಹೊಸದಾಗಿ ಬಂದ, ಇದ್ದ ನೋವಿನ ರೀತಿಯೇ ಬದಲಾದ ತಲೆನೋವನ್ನೂ ಬೇಗ ತೋರಿಸಬೇಕು. ಸ್ಕ್ಯಾನ್ ಬೇಕಾಗುವುದು ಹೆಚ್ಚಾಗಿ ಇಂಥವರಿಗೆ.

ಕ್ಯಾಲೆಂಡರ್‌ಗೆ ಖರ್ಚಿಲ್ಲ, ಸೊಸೈಟಿಯವರು ಕೊಟ್ಟದ್ದು ಪ್ರತಿ ಅಂಗಡಿಯ ಗೋಡೆಯಲ್ಲೂ ಉಂಟು. ನೋವು ಬಂದ ದಿನಕ್ಕೆ ಒಂದು ಗೀಟು, ಮಾತ್ರೆ ತೆಗೆದುಕೊಂಡ ದಿನಕ್ಕೆ ಅದರ ಸುತ್ತ ಒಂದು ವೃತ್ತ. ನಮ್ಮ ಅಂಗಡಿಯಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಇದೂ ಇದೆ. ಕಳೆದ ತಿಂಗಳು ಆರು ಗೀಟು, ನಾಲ್ಕು ವೃತ್ತ.